ಮುಳ್ಳುಹಂದಿ ಮನೆಗೆ ಹೆಂಚಿನ ಮಾಡು

ನರಸಿಂಹರಾಜಪುರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಬಾಡಿಗೆ ಮನೆಯ ಮುಂದಿನ ಕೋಣೆ, ಒಂದು ಮಿಷನ್ನು, ಒಂದು ಉದ್ದ ಕನ್ನಡಿ, ಇಷ್ಟೇ. ‘ನಾಳೆ ಸಂಜೆ ಖಂಡಿತ ಕೊಡ್ತೀನಿ’ ಎಂಬ ನನ್ನ ಮಾತನ್ನೂ ಸೇರಿಸಿಕೊಂಡರೆ ಅಂಗಡಿಯ ಸಾಮಾನು ಮುಗಿಯಿತು. ಆ ಮಾತನ್ನು ಈ ಊರಿನಲ್ಲಿ ಈಗ ಯಾರೂ ನಂಬುವುದಿಲ್ಲ, ಆದರೂ ಬಟ್ಟೆ ಕೊಟ್ಟು ಹೋಗುತ್ತಾರೆ.

ಹೊಲಿಯುವವರ ಹತ್ತಿರ ಅಳತೆ ಕಾಗದದ ಪೆಟ್ಟಿಗೆ ಅಂತ ಒಂದಿರುತ್ತದೆ. ಹಳೆಯ ಪೇಪರು, ಕ್ಯಾಲೆಂಡರಿನ ಹಾಳೆ, ಮದುವೆ ಕಾಗದ, ಯಾವುದು ಕೈಗೆ ಸಿಕ್ಕಿತೋ ಅದರಲ್ಲಿ ಕತ್ತಿನ ಆಕಾರ, ತೋಳಿನ ಆಕಾರ ಕತ್ತರಿಸಿ ಅದರೊಳಗೆ ಹಾಕಿಡುತ್ತೇವೆ. ನನ್ನ ಪೆಟ್ಟಿಗೆಯ ತಳ ನಾನೇ ನೋಡದೆ ಬಹಳ ವರ್ಷವಾಗಿತ್ತು. ಶಿವರಾತ್ರಿ ಕಳೆದ ವಾರ ಅದರಲ್ಲಿ ಇಲಿ ಮರಿ ಹಾಕಿತು. ಇಲಿಗೆ ಬಾಣಂತನ ಮಾಡುವಷ್ಟು ದೊಡ್ಡ ಮನಸ್ಸು ನನಗಿಲ್ಲವಾದ್ದರಿಂದ ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಮಗುಚಿದೆ. ಎಲ್ಲಕ್ಕಿಂತ ಕೆಳಗೆ, ದಪ್ಪ ನುಣುಪು ಕಾಗದದಲ್ಲಿ ಕತ್ತರಿಸಿದ ಒಂದು ಬೆನ್ನಿನ ಕತ್ತಿನ ಆಕಾರ ಸಿಕ್ಕಿತು.

ಅದರ ಮೇಲೆ ಅರ್ಧ ಮಸೀದಿಯ ಚಿತ್ರ ಇತ್ತು, ಮಸೀದಿ ಎಂದು ಗೊತ್ತಾದದ್ದು ಆಮೇಲೆ. ಮೈತುಂಬ ಕಟ್ಟಿಗೆ ಚುಚ್ಚಿಕೊಂಡ ಎತ್ತರದ ಮಣ್ಣಿನ ಗೋಡೆ, ಗೋಡೆಯ ನೆತ್ತಿಯಲ್ಲಿ ಮೊನಚು ಮೊನಚು ಗೋಪುರ. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಮಂಗಳೂರು ಹೆಂಚಿನ ಮಾಡು. ಅಗಲವಾದ ಸೂರು, ಸೂರಿನಂಚಿಗೆ ನೀರು ಹೋಗುವ ದೋಣಿ, ಎಲ್ಲ ಸರಿಯಾಗಿತ್ತು. ಇಂಥ ಕಟ್ಟಡ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಅದನ್ನು ಕಟ್ಟಿದವರು ನಾನು ಮತ್ತು ನನ್ನ ಅಪ್ಪ.

ನೀವು ನಗುವ ಮೊದಲು ಅಪ್ಪನ ವಿಷಯ ಹೇಳಬೇಕು. ಸೀತೂರಿನ ತಿಮ್ಮಪ್ಪ ಅಂದರೆ ಒಂದು ಕಾಲದಲ್ಲಿ ಈ ಮೂರು ತಾಲ್ಲೂಕಿನಲ್ಲಿ ಮಣ್ಣಿನ ಗೋಡೆಗೆ ಹೆಸರು. ಇಟ್ಟಿಗೆ ಅಲ್ಲ, ಕಲ್ಲಲ್ಲ, ಬರೀ ಮಣ್ಣು. ಮಣ್ಣು ಅಗೆದು, ನೀರು ಹಾಕಿ ಕೊಳೆಸಿ, ಹುಲ್ಲು ಹೊಟ್ಟು ಸೇರಿಸಿ ತುಳಿದು, ಮುದ್ದೆ ಮುದ್ದೆಯಾಗಿ ಇಟ್ಟು ಮೊಳದೆತ್ತರ ಏರಿಸುವುದು. ಅದು ಒಣಗುವ ತನಕ ಕಾಯುವುದು, ಮತ್ತೆ ಮೊಳದೆತ್ತರ ಏರಿಸುವುದು. ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಟರೆ ಕೊಪ್ಪ, ಶೃಂಗೇರಿ, ಬಸರೀಕಟ್ಟೆ ಅಂತ ಸುತ್ತಿ ಮಳೆಗಾಲದ ಹೊತ್ತಿಗೆ ಮನೆ ಸೇರುತ್ತಿದ್ದರು. ಅಷ್ಟು ತಿಂಗಳು ನಾನು ಅಜ್ಜಿಯ ಹತ್ತಿರ ಇದ್ದು ಶಾಲೆಗೆ ಹೋಗುತ್ತಿದ್ದೆ. ಬಂದ ಮೇಲೆ ಅಪ್ಪ ಜಗುಲಿಯಲ್ಲಿ ಕೂತು ಎಲ್ಲೆಲ್ಲಿ ಎಂತೆಂಥ ಗೋಡೆ ಹಾಕಿದೆ ಎಂದು ಕೈ ತಿರುಗಿಸಿ ತಿರುಗಿಸಿ ಹೇಳುತ್ತಿದ್ದ. ಅಮ್ಮ ಬಂದವಳೇ ಒಲೆ ಮುಂದೆ ಕೂರುತ್ತಿದ್ದಳು. ಅಮ್ಮನ ಕೆಲಸ ಮಣ್ಣು ತುಳಿದು ಕೊಡುವುದು ಅಂತ ನಾನು ತಿಳಿದಿದ್ದೆ.

ಒಂದು ವರ್ಷ ಅಪ್ಪ ಬಸರೀಕಟ್ಟೆ ಕಡೆಯ ಒಂದು ಎಸ್ಟೇಟ್ ಬಂಗಲೆಯಿಂದ ಪುಸ್ತಕ ಹೊತ್ತುಕೊಂಡು ಬಂದ. ಸಾಹುಕಾರರ ಮನೆಯವರು ಕಸಕ್ಕೆ ಹಾಕಿದ್ದಂತೆ. ರಟ್ಟು ಹೋಗಿತ್ತು, ಮೊದಲ ಹಾಳೆಗಳು ಹೋಗಿದ್ದವು, ಹೆಸರೇ ಇಲ್ಲದ ಇಂಗ್ಲಿಷ್ ಪುಸ್ತಕ. ದೂರದೂರದ ದೇಶಗಳ ಹಳೆಯ ಕಟ್ಟಡಗಳು, ಮೂರ್ತಿಗಳು, ಪುಟಕ್ಕೊಂದು ದೊಡ್ಡ ಚಿತ್ರ. ಅಮ್ಮ ಅದನ್ನು ಎತ್ತಿ ನೋಡಿ, ಒಳ್ಳೆ ಭಾರ ಇದೆ ಎಂದು ಮೆಚ್ಚಿ, ಹಲಸಿನ ಹಪ್ಪಳ ಡೊಂಕಾಗದ ಹಾಗೆ ಮೇಲೆ ಹೇರಲು ಇಟ್ಟುಕೊಂಡಳು. ಹಪ್ಪಳದ ಕಾಲ ಮುಗಿದ ಮೇಲೆ ಪುಸ್ತಕ ನಮಗೆ ಸಿಗುತ್ತಿತ್ತು.

ಅಪ್ಪನಿಗೆ ಓದಲು ಬಾರದು. ನಾನು ಐದನೇ ಕ್ಲಾಸು, ಇಂಗ್ಲಿಷಿನಲ್ಲಿ ಆಗ ತಾನೇ ಅಕ್ಷರ ಕಲಿತವಳು. ಹೀಗಾಗಿ ಆ ಕಟ್ಟಡಗಳಿಗೆಲ್ಲ ನಾವೇ ನಾಮಕರಣ ಮಾಡಿದೆವು. ನಾಲ್ಕೂ ಕಡೆ ಮೆಟ್ಟಿಲಿದ್ದ ದೊಡ್ಡ ಕಲ್ಲಿನ ಗುಡ್ಡ ‘ಮೆಟ್ಟಿಲ ಗುಡ್ಡ’. ಗೋಡೆಯ ಮೇಲೆಲ್ಲ ಮಣ್ಣಿನಲ್ಲೇ ಮೀನು, ಹಕ್ಕಿ, ಬಲೆ ಕೆತ್ತಿದ್ದ ಊರು ‘ಮೀನಿನ ಗೋಡೆ’. ಕಟ್ಟಿಗೆ ಚುಚ್ಚಿಕೊಂಡಿದ್ದು ‘ಮುಳ್ಳುಹಂದಿ ಮನೆ’. ಮೆಟ್ಟಿಲ ಗುಡ್ಡದ ಕೆಳಗೆ ನಾನು ಅಕ್ಷರ ಕೂಡಿಸಿ ಕೂಡಿಸಿ ‘ಅಮೆರಿಕ’ ಎಂದು ಓದಿದಾಗ ಅಪ್ಪ ಒಪ್ಪಲೇ ಇಲ್ಲ.

“ಸರಿ ಓದು ಮಗಾ. ಅಮೆರಿಕದಲ್ಲಿ ಎಲ್ಲ ಗಾಜಿಂದು ಇರ್ತದಂತೆ. ಈ ಮೆಟ್ಲು ಹತ್ತಿ ಇಳಿಯೋರು ಅಲ್ಲಿ ಯಾರಿದಾರೆ?” ಅಂದ. ಆಮೇಲೆ ಮೆಟ್ಟಿಲಿನ ಮೇಲೆ ಬೆರಳಿಟ್ಟು, “ನಮ್ಮಲ್ಲಾಗಿದ್ರೆ ಒಂದೇ ಮಳೆಗೆ ಪಾಚಿ ಹಿಡಿದು, ಹತ್ತಿದೋನು ಜಾರಿ ಸೀದಾ ಶೃಂಗೇರೀಲಿ ಬೀಳ್ತಿದ್ದ” ಎಂದು ನಕ್ಕ.

ಶೃಂಗೇರಿ ಎಂದಾಗ ನೆನಪಾಯಿತು. ಅಪ್ಪನ ಜತೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಎಲ್ಲರೂ ಕಲ್ಲಿನ ದೇವಸ್ಥಾನದ ಕಂಬ ನೋಡುತ್ತಿದ್ದರೆ ನಮ್ಮಪ್ಪ ಹೊರಗೆ ನಿಂತು ಮಾಡಿನ ನೀರು ಎಲ್ಲಿಂದ ಇಳಿಯುತ್ತದೆ ಎಂದು ಕತ್ತೆತ್ತಿ ಸುತ್ತು ಬಂದ. ಅವನು ಪ್ರದಕ್ಷಿಣೆ ಬಂದ ಅಂದುಕೊಂಡು ಬೇರೆಯವರು ನಮಸ್ಕಾರ ಮಾಡಿಕೊಂಡರು. “ಕಲ್ಲಿಗೇನು ಬಿಡು, ಮಳೆ ಅದರ ನೆಂಟ. ಮಣ್ಣಿಗೆ ಹಂಗಲ್ಲ” ಅಂದ, ಊಟದ ಪಂಕ್ತಿಯಲ್ಲಿ.

ಆದ್ದರಿಂದಲೇ ಮುಳ್ಳುಹಂದಿ ಮನೆ ಅವನ ನೆಮ್ಮದಿ ಕೆಡಿಸಿತು. ಮೊದಲು ನೋಡಿದಾಗ ಬಹಳ ಖುಷಿಪಟ್ಟ. ಆ ಕಟ್ಟಿಗೆ ಯಾಕೆ ಹೊರಗೆ ಚಾಚಿವೆ ಎಂದು ನಾನು ಕೇಳಿದ್ದಕ್ಕೆ, ಒಂದು ಗಳಿಗೆಯೂ ಯೋಚಿಸದೆ, “ಏಣಿ ಮಗಾ ಅದು. ಮೇಲೆ ಹತ್ತಿ ಮೆತ್ತೋಕೆ ಕಾಲಿಡೋ ಜಾಗ. ಗಟ್ಟಿ ಮಂಡೆಯೋರೇ ಕಟ್ಟಿದಾರೆ” ಅಂದ. ಅಷ್ಟು ದೊಡ್ಡ ಮಣ್ಣಿನ ಕಟ್ಟಡ ಜಗತ್ತಿನಲ್ಲಿದೆ ಎಂಬುದರಿಂದಲೇ ಅವನಿಗೆ ಒಂದು ಮರ್ಯಾದೆ ಸಿಕ್ಕಂತಾಗಿತ್ತು. ಆಮೇಲೆ ಅವನ ಕಣ್ಣು ಮೇಲಕ್ಕೆ ಹೋಯಿತು. ಗೊರಬು ಹಾಕದೆ ಮಳೆಯಲ್ಲಿ ಗದ್ದೆಗೆ ಹೊರಟ ಮಗುವನ್ನು ಕಂಡವನ ಹಾಗೆ ಮುಖ ಮಾಡಿದ.

“ಇದಕ್ಕೆ ಮಾಡೇ ಇಲ್ವಲ್ಲ!”

ನಮ್ಮ ಕಡೆ ಮಣ್ಣಿನ ಗೋಡೆಯ ಶಾಸ್ತ್ರ ಸುಲಭ. ತಲೆಗೆ ಅಗಲವಾದ ಸೂರು ಬೇಕು. ಅದೂ ಸಾಲದೆಂದು ಮಳೆಗಾಲಕ್ಕೆ ಮೊದಲು ಗಾಳಿ ಹೊಡೆಯುವ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಗೋಡೆಗೆ ಕಂಬಳಿ ಹೊದಿಸಿದಂತೆ. ತಟ್ಟಿ ಕಟ್ಟದೆ ಬಿಟ್ಟವನನ್ನು ಊರಿನಲ್ಲಿ ಸೋಮಾರಿ ಎನ್ನುತ್ತಿದ್ದರು. ಅಂಥ ಊರಿನ ಅಪ್ಪನಿಗೆ, ಮಾಡೂ ಇಲ್ಲದ, ತಟ್ಟಿಯೂ ಇಲ್ಲದ, ಬರೀ ಮೈಯಲ್ಲಿ ನಿಂತ ಆ ಗೋಡೆ ಕಂಡು ಸಂಕಟವಾಯಿತು. ಆ ವರ್ಷ ಆಷಾಢದ ಮಳೆ ಹಿಡಿದಾಗ ಹೊರಗೆ ನೋಡುತ್ತ, “ಆ ಮುಳ್ಳುಹಂದಿ ಮನೆ ಕಥೆ ಎಂತಾಯ್ತೋ” ಅನ್ನುತ್ತಿದ್ದ. ಅದಕ್ಕೆ ತಟ್ಟಿ ಕಟ್ಟಲು ಎಷ್ಟು ಹೊರೆ ಸೋಗೆ ಬೇಕಾದೀತು, ಅಷ್ಟು ಸೋಗೆ ಆ ಊರಲ್ಲಿ ಸಿಕ್ಕೀತೇ ಎಂದು ಪಕ್ಕದ ಮನೆಯವರ ಹತ್ತಿರ ಗಂಭೀರವಾಗಿ ಚರ್ಚೆ ಮಾಡಿದ. ಅವರು ಯಾರೋ ನೆಂಟರ ಮನೆ ಅಂದುಕೊಂಡು, “ನಮ್ಮಲ್ಲಿ ಮಿಕ್ಕಿದ್ದು ಇದೆ ತಗೊಂಡೋಗು ಮಾರಾಯ” ಅಂದರು.

ಕೊನೆಗೊಂದು ಸಂಜೆ ತಡೆಯಲಾರದೆ ಪುಸ್ತಕ ತಂದು ನನ್ನ ಮುಂದಿಟ್ಟ. “ಒಂದು ಮಾಡು ಬರಿ ಮಗಾ.”

ನಾನು ಬರೆದೆ. ಅವನು ಬಗ್ಗಿ ಕೂತು ಹೇಳಿಕೊಟ್ಟ. ಇಳಿಜಾರು ಸಾಲದು, ನೀರು ನಿಲ್ಲುತ್ತದೆ. ಸೂರು ಇನ್ನೂ ಮುಂದಕ್ಕೆ ಬರಲಿ. ಮೂಲೆಯ ಹೆಂಚು ಹೀಗಲ್ಲ. ಎರಡು ಸಲ ಒರೆಸಿ ಮೂರನೆಯ ಸಲಕ್ಕೆ ಒಪ್ಪಿದ. ಆಮೇಲೆ ಆ ಮಳೆಗಾಲವಿಡೀ ಆ ಮನೆಯ ಸುದ್ದಿ ಎತ್ತಲಿಲ್ಲ.

ಪುಸ್ತಕದ ಇನ್ನೊಂದು ಪುಟದಲ್ಲಿ ಕಂಚಿನ ಒಂದು ಹೆಣ್ಣಿನ ತಲೆ ಇತ್ತು. ಆಫ್ರಿಕದ ಯಾವುದೋ ರಾಜಮಾತೆ ಎಂದು ಈಗ ಗೊತ್ತು, ಆಗ ನಮಗೆ ಅವಳು ‘ಕತ್ತಮ್ಮ’. ಮುಂದಕ್ಕೆ ಬಾಗಿದ ಕೋಡಿನಂಥ ಮುಡಿ, ಗಲ್ಲದ ತನಕ ಸುತ್ತು ಸುತ್ತಾಗಿ ಏರಿದ ಮಣಿಯ ಪಟ್ಟಿ. ನಾನು ಕೊಪ್ಪದಲ್ಲಿ ಹೊಲಿಗೆ ಕಲಿತು ಹೊಸದಾಗಿ ಮಿಷನ್ನು ಇಟ್ಟಾಗ, ಹೊಸ ನಮೂನೆ ಬೇಕು ಎಂದು ಹಟ ಹಿಡಿದ ಒಬ್ಬ ಮದುಮಗಳಿಗೆ ಕತ್ತಮ್ಮನ ಪಟ್ಟಿ ನೋಡಿಯೇ ಎತ್ತರದ ಕಾಲರಿನ ಬ್ಲೌಸ್ ಹೊಲಿದೆ. ಒಳಗೆ ಗಟ್ಟಿ ಕ್ಯಾನ್ವಾಸ್ ಬೇರೆ ಕೊಟ್ಟಿದ್ದೆ. ಹುಡುಗಿ ರಾಣಿಯ ಹಾಗೇ ಕಂಡಳು, ಸಂದೇಹವಿಲ್ಲ. ತಾಳಿ ಕಟ್ಟುವಾಗ ತಲೆ ಬಗ್ಗಿಸಮ್ಮ ಎಂದರೆ ಮಾತ್ರ ಬಗ್ಗಲಿಲ್ಲ. ಗಂಡಿನ ಕಡೆಯ ಅಜ್ಜಿಯೊಬ್ಬರು, “ಈಗ್ಲೇ ತಲೆ ಬಗ್ಗಿಸಲ್ಲ ಅಂತಾಳೆ, ಮುಂದೆ ಕಥೆ ಕೇಳು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ತಾಳಿ ಕಾಲರಿನ ಮೇಲೆಯೇ ಬಿತ್ತು. ಆಕೆ ಈಗಲೂ ಬಟ್ಟೆ ನನ್ನ ಹತ್ತಿರವೇ ಹೊಲಿಸುವುದು, ಆದರೆ ಕತ್ತಿನ ವಿಷಯ ಬಂದಾಗ ಎದುರು ನಿಂತು ಅಳತೆ ಹಿಡಿಸುತ್ತಾಳೆ.

ಆ ದಿನಗಳಲ್ಲೇ ನಾನು ಪುಸ್ತಕ ಕತ್ತರಿಸಿದ್ದು. ಹೇಳಲು ನಾಚಿಕೆಯಾಗುತ್ತದೆ. ಅಷ್ಟು ದಪ್ಪದ, ಅಂಚು ಮಡಚಿಕೊಳ್ಳದ ಕಾಗದ ನನಗೆ ಎಲ್ಲೂ ಸಿಗುತ್ತಿರಲಿಲ್ಲ. ಮೊದಲು ಬರೀ ಅಕ್ಷರವಿದ್ದ ಹಾಳೆ ಹೋದವು, ಆಮೇಲೆ ಚಿತ್ರದ್ದು. ಮೆಟ್ಟಿಲ ಗುಡ್ಡ ತೋಳಾಯಿತು, ಮೀನಿನ ಗೋಡೆ ಎದೆಯ ತುಂಡಾಯಿತು. ಈ ಊರಿನ ಎಷ್ಟೋ ಹೆಂಗಸರ ಬ್ಲೌಸು ಅಮೆರಿಕದ ಆಕಾರದಲ್ಲಿ ಹೊಲಿದದ್ದು ಅವರಿಗೆ ಗೊತ್ತಿಲ್ಲ. ಅಪ್ಪ ಒಂದು ದಿನ ಅಂಗಡಿಗೆ ಬಂದವನು ಗೋಡೆಗೆ ನೇತುಹಾಕಿದ್ದ ತುಂಡುಗಳನ್ನು ನೋಡಿದ. ಬೈಯಲಿಲ್ಲ.

“ಮುಳ್ಳುಹಂದಿ ಮನೇನೂ ಕತ್ತರಿಸಿದ್ಯನ ಮಗಾ?” ಎಂದಷ್ಟೇ ಕೇಳಿದ.

“ಇಲ್ಲಪ್ಪ, ಅದು ಹಂಗೇ ಇದೆ” ಅಂದೆ.

ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಇಲಿಯ ದೆಸೆಯಿಂದ ಸಿಕ್ಕ ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತವಳಿಗೆ ಅಂದು ಹೇಳಿದ ಸುಳ್ಳು ನೆನಪಾಯಿತು. ಅಪ್ಪ ಬೇಕು ಅನ್ನಿಸಿತು. ಐವತ್ತು ದಾಟಿದ ಹೆಂಗಸಿಗೆ ಹೀಗೆ ಅನ್ನಿಸಬಾರದೆಂದು ಯಾವ ಕಾನೂನೂ ಇಲ್ಲವಲ್ಲ.

ಹಾಗೆ ಕೂತಿದ್ದಾಗಲೇ ಸುಮ ಬಂದಳು. ಬಸರೀಕಟ್ಟೆಯ ಹುಡುಗಿ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ನಾನು ಮೂರು ‘ನಾಳೆ’ ಹೇಳಿದ್ದ ಬ್ಲೌಸಿಗಾಗಿ ಜಗಳಕ್ಕೇ ಬಂದಿದ್ದಳು. ಕಾಗದ ನೋಡಿ ಜಗಳ ಮರೆತಳು.

“ಎಂತದು ಜಲಜಕ್ಕ ಇದು? ತಾಳಿ, ಮೊಬೈಲಿಗೆ ತೋರಿಸಿದ್ರೆ ಅದೇ ಹೇಳ್ತದೆ.”

ಮೊಬೈಲು ಕಾಗದವನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ, ತೀರ್ಥಹಳ್ಳಿ ಕಡೆಯ ಒಂದು ಹೆಂಚಿನ ಹೋಮ್‌ಸ್ಟೇ ತೋರಿಸಿತು. ಅಪ್ಪನ ಮಾಡು ಅಷ್ಟು ಚೆನ್ನಾಗಿ ಕೂತಿತ್ತು. ಮಾಡನ್ನು ಹಿಂದಕ್ಕೆ ಮಡಚಿ ಮತ್ತೆ ತೋರಿಸಿದಾಗ ನಿಜವಾದ ಹೆಸರು ಬಂತು. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರು, ಅಲ್ಲಿಯ ಮಸೀದಿ. ಸುಮ ಓದಿ ಓದಿ ಕನ್ನಡದಲ್ಲಿ ಹೇಳಿದಳು. ಮಳೆ ಅಲ್ಲೂ ಬರುತ್ತದಂತೆ. ಬಂದು ಗೋಡೆಯನ್ನು ಸವೆಸುತ್ತದಂತೆ. ಅದಕ್ಕೆ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ, ಭತ್ತದ ಹೊಟ್ಟು ಹಾಕಿ ಕೊಳೆಸಿದ ಮಣ್ಣನ್ನು ಮತ್ತೆ ಮೆತ್ತುತ್ತಾರಂತೆ. ವಿಡಿಯೊ ಇತ್ತು. ಬುಟ್ಟಿ ಹೊತ್ತು ಓಡುವವರು, ಮುಖಕ್ಕೆಲ್ಲ ಕೆಸರು ಮಾಡಿಕೊಂಡು ನಗುವವರು, ಆ ಚಾಚಿದ ಕಟ್ಟಿಗೆಯ ಮೇಲೆ ಅಪ್ಪ ಹೇಳಿದ ಹಾಗೆಯೇ ಕಾಲಿಟ್ಟು ನಿಂತು ಬರಿಗೈಯಲ್ಲಿ ಗೋಡೆ ಸವರುವವರು.

ಹೇಗಿತ್ತೆಂದು ಬಾಯಲ್ಲೇ ಹೇಳಿ ಮೀನಿನ ಗೋಡೆಯನ್ನೂ ಹುಡುಕಿಸಿದೆ. ಅದು ದಕ್ಷಿಣ ಅಮೆರಿಕದ ಪೆರು ದೇಶದ ಕಡಲ ತೀರ, ಚಾನ್ ಚಾನ್ ಎಂಬ ಹಳೆಯ ಮಣ್ಣಿನ ಪಟ್ಟಣ. ಮಳೆಯೇ ಅಪರೂಪವಾದ ಜಾಗವಂತೆ. ಆದರೆ ಎಂದಾದರೊಮ್ಮೆ ಜೋರು ಮಳೆ ಬಂದರೆ ಕೆತ್ತನೆ ಕರಗುತ್ತದೆಂದು ಈಗ ಗೋಡೆಗಳ ಮೇಲೆ ಮಾಡು ಹಾಕಿದ್ದಾರೆ. ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು. ದೊಡ್ಡ ದೊಡ್ಡ ಓದು ಓದಿದವರು ಕೊನೆಗೆ ನಮ್ಮಪ್ಪನ ಮಾತಿಗೇ ಬಂದರಲ್ಲ ಎಂದು ನಾನು ಎದ್ದು ನಿಂತೆ. ಹೇಳೋಣವೆಂದರೆ ಅಪ್ಪ ಇಲ್ಲ.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಅಪ್ಪ ಹಾಕಿದ ಒಂದು ಗೋಡೆಯಾದರೂ ಎಲ್ಲಾದರೂ ಇರಬೇಕು, ಅದನ್ನು ಮುಟ್ಟಬೇಕು. ಸೀತೂರಿನ ನಮ್ಮ ಮನೆ ಬಿದ್ದು ಕಾಲವಾಗಿದೆ. ಬಂದ ಗಿರಾಕಿಗಳನ್ನೆಲ್ಲ ಕೇಳಿದೆ. ಕೊಪ್ಪದ ಮನೆ ಒಡೆದು ಕಾಂಪ್ಲೆಕ್ಸ್ ಆಗಿದೆ, ಶೃಂಗೇರಿ ರಸ್ತೆಯದು ಸಿಮೆಂಟಾಗಿದೆ, ಇಲ್ಲೇ ಪೇಟೆಯ ಹಿಂದಿನದು ರಸ್ತೆ ಅಗಲ ಮಾಡುವಾಗ ಹೋಯಿತು. ಒಂದು ವಾರ ಬರೀ ಇದೇ ಸುದ್ದಿ. ಯಾರ ಬಟ್ಟೆಯೂ ಆಗಲಿಲ್ಲ.

ಶುಕ್ರವಾರ ಸುಮ ಓಡಿ ಬಂದಳು. “ಜಲಜಕ್ಕ, ನಮ್ಮ ಅಜ್ಜಿ ಫೋನಲ್ಲಿ ಹೇಳಿದ್ರು. ನಮ್ಮ ಹಳೇ ಕೊಟ್ಟಿಗೆದು ನಿಮ್ಮಪ್ಪ ಹಾಕಿದ ಗೋಡೆಯೇ ಅಂತೆ. ಆದ್ರೆ ಕಾಫಿ ಒಣಗಿಸೋ ಕಣ ದೊಡ್ಡದು ಮಾಡ್ಬೇಕಂತ ಸೋಮವಾರ ಜೆಸಿಬಿ ಬರ್ತದೆ. ನೋಡೋದಾದ್ರೆ ನಾಳೇನೇ ಹೋಗ್ಬೇಕು.”

ಅಮ್ಮನಿಗೆ, ಒಬ್ಬರ ಮನೆಗೆ ಬಟ್ಟೆ ಕೊಟ್ಟು ಬರುತ್ತೇನೆ ಎಂದು ಹೇಳಿ ಸುಮಳ ಜತೆ ಹೊರಟೆ. ಅಮ್ಮ ನನ್ನ ಜತೆಗೇ ಇರುವುದು. ಎಪ್ಪತ್ತಾರು ವರ್ಷ, ಮಂಡಿ ನೋವು, ದಿನವಿಡೀ ಹಿಂದಿನ ಬಾಗಿಲಲ್ಲಿ ಕೂತು ಏನಾದರೊಂದು ಸುಲಿಯುತ್ತಲೋ ಆರಿಸುತ್ತಲೋ ಇರುತ್ತಾಳೆ. ಅಪ್ಪನ ಗೋಡೆ ನೋಡಲು ಎಂದರೆ ಬೈದಾಳೆಂದು ಸುಳ್ಳು ಹೇಳಿದೆ. ಕೊಪ್ಪಕ್ಕೆ ಒಂದು ಬಸ್ಸು, ಜಯಪುರದ ಮೇಲೆ ಇನ್ನೊಂದು, ಬಸರೀಕಟ್ಟೆಯಿಂದ ಮುಂದೆ ಎಸ್ಟೇಟಿಗೆ ಆಳು ಒಯ್ಯುವ ಜೀಪು.

ಸುಮಳ ಅಜ್ಜಿ ಶಾರದಮ್ಮ ಅಂಗಳದಲ್ಲೇ ಕಾಯುತ್ತಿದ್ದರು. ಕಾಫಿ ಆಮೇಲೆ ಎಂದು ನಾನು ನೇರ ಕೊಟ್ಟಿಗೆಗೆ ಹೋದೆ. ದನಗಳು ಇಲ್ಲವಾಗಿ ಎಷ್ಟೋ ವರ್ಷವಾದ ಕೊಟ್ಟಿಗೆ. ಒಂದು ಕಡೆಯ ಹೆಂಚು ಆಗಲೇ ಇಳಿಸಿದ್ದರು, ಒಂದು ಮೂಲೆ ಜರಿದು ಮಣ್ಣು ಗುಪ್ಪೆ ಬಿದ್ದಿತ್ತು. ಒಳಗಿನ ಉದ್ದ ಗೋಡೆ ಮಾತ್ರ ಹಾಗೆಯೇ ನಿಂತಿತ್ತು. ಅದಕ್ಕೆ ಯಾರೂ ಸುಣ್ಣ ಬಳಿದಿರಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡಿತು. ಗೋಡೆಯ ತುಂಬ ಬೆರಳಿನಿಂದ ಸವರಿದ ಅರ್ಧ ಚಂದ್ರಗಳು, ಒಂದರ ಮೇಲೊಂದು ಸಾಲಾಗಿ, ನೆಲದಿಂದ ಮೇಲಿನ ತನಕ. ಒಂದೊಂದರಲ್ಲೂ ನಾಲ್ಕು ಬೆರಳಿನ ಗೆರೆ. ಅಷ್ಟು ಅಂದವನ್ನು ನಾನು ಆ ಪುಸ್ತಕದಲ್ಲೂ ಕಂಡಿರಲಿಲ್ಲ.

ನನಗೆ ಅಳು ತಡೆಯಲಾಗಲಿಲ್ಲ. ಗೋಡೆಗೆ ಕೈ ಇಟ್ಟು, “ಅಪ್ಪನ ಕೈ” ಅಂದೆ.

ಹಿಂದೆ ನಿಂತಿದ್ದ ಶಾರದಮ್ಮ ನಕ್ಕುಬಿಟ್ಟರು. “ಅಪ್ಪನ ಕೈ ಎಲ್ಲಿಂದ ಬಂತು ಮಾರಾಯ್ತಿ? ತಿಮ್ಮಪ್ಪ ಗೋಡೆ ಎಬ್ಬಿಸಿ, ಒಣಗಲಿ ಅಂತ ಹೇಳಿ ಜಯಪುರಕ್ಕೆ ಇನ್ನೊಂದು ಕೆಲಸಕ್ಕೆ ಹೋದ. ಮೆತ್ತಿದ್ದೆಲ್ಲ ಚಿನ್ನಮ್ಮ. ನಿನ್ನ ಅಮ್ಮ. ನೀನಾಗ ಹಾಲು ಕುಡಿಯೋ ಕೂಸು. ನಿನ್ನನ್ನ ಅಡಿಕೆ ಹಾಳೇಲಿ ಮಲಗಿಸಿ, ಅಲ್ಲಿ ಬಾಗಿಲ ಹತ್ರ ಇಟ್ಕೊಂಡು, ಹನ್ನೆರಡು ದಿನ ಮೆತ್ತಿದ್ಲು. ನಿನ್ನಪ್ಪನೂ ಅಷ್ಟೇ, ಮಣ್ಣು ಹದ ಬಂತಾ ಅಂತ ಅವಳನ್ನ ಕೇಳ್ದೆ ಒಂದು ಮುದ್ದೆ ಇಟ್ಟೋನಲ್ಲ.”

“ಎಲ್ಲರೂ ತಿಮ್ಮಪ್ಪನ ಗೋಡೆ ಅಂತಾರಲ್ಲಮ್ಮ?”

“ಅಂತಾರೆ. ಮತ್ತೆ ಎಂತ ಅನ್ಬೇಕು?” ಅಂದರು ಅವರು. ಅವರಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಲಿಲ್ಲ.

ನಾನು ಹತ್ತಿರ ಹೋಗಿ ನೋಡಿದೆ. ಬೆರಳ ಗೆರೆ ಸಣ್ಣವು. ಅಲ್ಲಲ್ಲಿ ಅವುಗಳ ಕೆಳಗೆ ಬಳೆ ತಾಗಿದ ಗೀರು ಕೂಡ ಇತ್ತು. ಬಟ್ಟೆಯಲ್ಲಿ ಕೂದಲೆಳೆ ವ್ಯತ್ಯಾಸ ಹುಡುಕುವ ನನ್ನ ಕಣ್ಣಿಗೆ ಅದು ಮೊದಲೇ ಕಾಣಬೇಕಿತ್ತು. ಫೋಟೊ ತೆಗೆದುಕೊಂಡೆ. ಕಾಫಿ ಕುಡಿದೆ. ಬರುವಾಗ ಬಸ್ಸಿನಲ್ಲಿ ಸುಮ ಏನೇನೋ ಹೇಳುತ್ತಿದ್ದಳು, ಒಂದೂ ಕಿವಿಗೆ ಬೀಳಲಿಲ್ಲ. ಇಷ್ಟು ವರ್ಷ ಅಪ್ಪನ ಕೈಗಾಗಿ ಹಂಬಲಿಸಿದೆ. ಆ ಕೈ ಎಂದುಕೊಂಡದ್ದು ಮನೆಯ ಹಿಂದಿನ ಬಾಗಿಲಲ್ಲಿ ಕೂತು ದಿನಾ ನನಗೆ ಅನ್ನ ಬಡಿಸುತ್ತಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಮ್ಮ ಅವರೆಕಾಳು ಸುಲಿಯುತ್ತಿದ್ದಳು. ಮೊಬೈಲು ಅವಳ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ನೋಡಿದಳು.

“ಶಾರದಮ್ಮನ ಕೊಟ್ಟಿಗೆ” ಅಂದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಆ ಗೆರೆಗಳ ಮೇಲೆ ನಾಲ್ಕು ಬೆರಳಿಟ್ಟಳು. ಬೆರಳಿಟ್ಟ ಕೂಡಲೇ ಚಿತ್ರ ದೊಡ್ಡದಾಗಿ ಪಕ್ಕಕ್ಕೆ ಓಡಿತು. ನಾನು ಸರಿ ಮಾಡಿ ಕೊಟ್ಟೆ, ಮತ್ತೆ ಓಡಿತು. “ನಿಲ್ಲೋದೇ ಇಲ್ವಲ್ಲ ಇದು” ಎಂದು ರೇಗಿದಳು. ಆಮೇಲೆ, “ಬಾಗಿಲ ಹತ್ರ ಬಿರುಕು ಬಿಟ್ಟಿದೆ ನೋಡು” ಅಂದಳು.

“ನೀನು ಯಾಕಮ್ಮ ಇಷ್ಟು ವರ್ಷ ಹೇಳ್ಲಿಲ್ಲ?”

“ಎಂತದು ಹೇಳೋದು? ಅನ್ನ ಮಾಡಿದ್ದೂ ನಾನೇ. ಅದನ್ನೂ ಹೇಳ್ಲಿಲ್ಲ.”

ಸೋಮವಾರ ಅದನ್ನು ಒಡೆಯುತ್ತಾರೆ ಎಂದೆ. ಅಮ್ಮ ಬುಟ್ಟಿಯಲ್ಲಿದ್ದ ಕಾಳು ಮುಗಿಯುವ ತನಕ ಸುಲಿದಳು. ಸಿಪ್ಪೆ ಒಟ್ಟು ಮಾಡಿ ಎಸೆದು ಬಂದು ಕೇಳಿದಳು: “ನಾಳೆ ಮೊದಲನೇ ಬಸ್ಸು ಎಷ್ಟು ಗಂಟೆಗೆ?”

ಆ ಮಂಡಿ ಇಟ್ಟುಕೊಂಡು ಎರಡು ಬಸ್ಸು, ಒಂದು ಜೀಪು ಹೇಗೆ ಹತ್ತಿದಳೋ ನನಗೆ ಗೊತ್ತಿಲ್ಲ. ಅವಳು ಗೋಡೆಯ ಮುಂದೆ ನಿಂತು ಅಳಬಹುದು, ಸಮಾಧಾನ ಮಾಡಬೇಕಾದೀತು ಎಂದು ನಾನು ಮನಸ್ಸಿನಲ್ಲೇ ತಯಾರಾಗುತ್ತಿದ್ದೆ. ಅಮ್ಮ ಕೊಟ್ಟಿಗೆ ಹೊಕ್ಕು, ಗೋಡೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ, ಬಿರುಕಿನ ಹತ್ತಿರ ಹೋಗಿ ಅದರೊಳಗೆ ಬೆರಳು ಹಾಕಿದಳು. ಎಷ್ಟು ಆಳ ಎಂದು ಅಳೆದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಅಮ್ಮಾ, ಒಂದು ಬಕೆಟ್ ನೀರು ಬೇಕಿತ್ತು” ಎಂದು ಶಾರದಮ್ಮನಿಗೆ ಹೇಳಿದಳು.

“ನಾಳೆ ಒಡೆಯೋ ಗೋಡೆ ಚಿನ್ನಮ್ಮ!”

“ನಾಳೆದು ನಾಳೆ ಆಯ್ತು.”

ಶಾರದಮ್ಮ ಅವಳ ಮುಖ ನೋಡಿ, ತಾವೇ ಒಳಗೆ ಹೋಗಿ ಬಕೆಟ್ ತಂದಿಟ್ಟರು. ಜರಿದು ಬಿದ್ದ ಗುಪ್ಪೆಯ ಮಣ್ಣನ್ನೇ ಕಲಸಲು ಅಮ್ಮ ನನಗೆ ಹೇಳಿದಳು. ಕಲಸಿದೆ. ಅಮ್ಮ ಚಿಟಿಕೆ ತೆಗೆದು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, ನೀರು ಹೆಚ್ಚಾಯಿತು ಎಂದು ಹಿಂದಕ್ಕೆ ಹಾಕಿದಳು. ಮತ್ತೆ ಕಲಸಿದೆ, ಕಲ್ಲು ಉಳಿದಿದೆ ಎಂದಳು. ಮೂರನೆಯ ಸಲಕ್ಕೆ ಕೈಗೆ ತೆಗೆದುಕೊಂಡಳು. ನನ್ನ ಭುಜ ಹಿಡಿದು ಮೆಲ್ಲಗೆ ನೆಲಕ್ಕೆ ಕೂತು ಕೆಳಗಿನಿಂದ ಶುರುಮಾಡಿದಳು. ಬಿರುಕಿನೊಳಗೆ ಮಣ್ಣು ಒತ್ತಿ, ಮೇಲೆ ತೆಳ್ಳಗೆ ಹಚ್ಚಿ, ನಾಲ್ಕು ಬೆರಳು ಸೇರಿಸಿ ಒಂದೊಂದೇ ಅರ್ಧ ಚಂದ್ರ ಎಳೆದಳು. ಮೊದಲ ಎರಡು ಸೊಟ್ಟಗಾದವು, ಅಳಿಸಿ ಮತ್ತೆ ಎಳೆದಳು. ಆಮೇಲೆ ಕೈ ಓಡತೊಡಗಿತು. ಎತ್ತರಕ್ಕೆ ಬಂದಾಗ ನಾನು ಅವಳ ಸೊಂಟ ಹಿಡಿದು ನಿಲ್ಲಿಸಿದೆ. ಮಧ್ಯಾಹ್ನ ಊಟಕ್ಕೆ ಕರೆದರೆ, ಮಣ್ಣು ಒಣಗುತ್ತದೆ ಎಂದು ಏಳಲಿಲ್ಲ. ಶಾರದಮ್ಮ ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂತುಬಿಟ್ಟರು.

ಬಿಸಿಲು ಓರೆಯಾಗುವ ಹೊತ್ತಿಗೆ ಬಿರುಕು ಎಲ್ಲಿತ್ತು ಎಂದು ಹುಡುಕಬೇಕಾಯಿತು. ಹಸಿ ಮಣ್ಣಿನ ಬಣ್ಣ ಒಂದು ಬಿಟ್ಟರೆ ಹಳೆಯ ಸಾಲು ಯಾವುದು, ಹೊಸ ಸಾಲು ಯಾವುದು ಎಂದು ಹೇಳುವಂತಿರಲಿಲ್ಲ. ಅಮ್ಮ ನಾಲ್ಕು ಹೆಜ್ಜೆ ಹಿಂದೆ ಬಂದು, ತಲೆ ಓರೆ ಮಾಡಿ, ಇಡೀ ಗೋಡೆಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಬಕೆಟ್ಟಿನಲ್ಲಿ ಉಳಿದ ನೀರಿನಲ್ಲಿ ಕೈ ತೊಳೆದುಕೊಂಡಳು.

“ಹ್ಞೂಂ” ಅಂದಳು, “ಈಗ ಒಡೀಲಿ.”